ಮೈದುನ ಬಯಸಿದ ಹೊಳಪು

ಮಂಡಿಯ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹಟ ಹಿಡಿದ ಮೇಲೆ, ಅದರ ಖರ್ಚಿಗೆಂದು ಸುಯುನ್ ತೀರಿಹೋದ ಗಂಡನ ಗುಚಿನ್ ಮಾರಲು ಒಪ್ಪಿದ್ದಳು. ಆ ಏಳು ತಂತಿಯ ವಾದ್ಯವನ್ನು ನೋಡಲು ಸುಝೌನಿಂದ ಸಂಗೀತದ ಮೇಷ್ಟ್ರೊಬ್ಬರು ನಾಳೆ ಬರುವವರಿದ್ದರು. ಬೆಳಿಗ್ಗೆ ಗಂಜಿ ಕುಡಿಯುತ್ತ ಮೈದುನ ಗ್ವಾಂಗ್‌ಲಿನ್ ಬಾಯಿಬಿಟ್ಟ.

"ಅತ್ತಿಗೆ, ಅಟ್ಟದಲ್ಲಿದ್ದ ಗುಚಿನ್‌ನ ಹೋದ ತಿಂಗಳೇ ವಾದ್ಯ ರಿಪೇರಿ ಮಾಡೋ ಮಿಯಾವೊ ಅಂಗಡಿಗೆ ಕೊಟ್ಟುಬಂದೆ. ನೀನು ಕಳಿಸಿದ್ದು ಅಂತ ಹೇಳ್ದೆ. ಮೈಯೆಲ್ಲಾ ಬಿರುಕು ಬಿಟ್ಟಿತ್ತಲ್ಲ, ಹಳೇದನ್ನ ಕೆರೆದು ಹೊಸ ಮೆರುಗೆಣ್ಣೆ ಹೊಡೀರಿ, ಕನ್ನಡಿ ಹಾಗೆ ಹೊಳೀಬೇಕು ಅಂದಿದ್ದೀನಿ."

ಸುಯುನ್ ಗಂಜಿಯ ಬಟ್ಟಲು ಕುಕ್ಕಿದಳು. ಮೆರುಗೆಣ್ಣೆಯಲ್ಲಿ ಅಂಥ ಬಿರುಕು ಮೂಡಬೇಕಾದರೆ ಮುನ್ನೂರು ವರ್ಷ ಬೇಕು; ವಾದ್ಯದ ಬೆಲೆಯೆಲ್ಲ ಅದರಲ್ಲೇ ಇತ್ತು. ಮನೆಗೆ ಯಾರೇ ಬರಲಿ, ಗಂಡ ಚಹಾಕ್ಕಿಂತ ಮೊದಲು ಆ ಬಿರುಕುಗಳನ್ನೇ ತೋರಿಸುತ್ತಿದ್ದ. ಸುಝೌ ಮೇಷ್ಟ್ರೂ ಬಿರುಕುಗಳ ಹಳೆಯ ಫೋಟೋ ನೋಡಿಯೇ ಬರಲು ಒಪ್ಪಿದ್ದರು.

"ಅಜ್ಜನ ಸುಕ್ಕು ಕೆರೆದು ಮದುಮಗನ್ನ ಮಾಡೋಕೆ ಹೋದ್ಯಾ? ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ಗಂಜಿ ಅಲ್ಲೇ ಬಿಟ್ಟು ಆಟೋ ಹಿಡಿದಳು. ಮಿಯಾವೊನ ಅಂಗಡಿ ಮಹಡಿಯ ಮೇಲೆ, ಹತ್ತೊಂಬತ್ತು ಕಡಿದಾದ ಮೆಟ್ಟಿಲು. ಮನೆಯ ಅಟ್ಟವನ್ನೇ ಹತ್ತಲಾರದೆ ವರ್ಷ ಕಳೆದವಳು ಗೋಡೆ ಹಿಡಿದು, ಮೈದುನನಿಗೆ ಶಾಪ ಹಾಕುತ್ತ ಒಂದೊಂದೇ ಹತ್ತಿದಳು. ಬಾಗಿಲಲ್ಲಿ ಹೊಸ ಮೆರುಗೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮೇಜಿನ ಮೇಲೆ ಉದ್ದನೆಯ ಕಪ್ಪು ವಸ್ತುವೊಂದು ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ಮುಗಿದೇ ಹೋಯಿತು ಎಂದುಕೊಂಡಳು. ಸಿಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು.

ಮುದುಕ ಮಿಯಾವೊ ಕೈ ಒರೆಸಿಕೊಳ್ಳುತ್ತ ಬಂದ. ಮುಖ ಗಂಟಿಕ್ಕಿಕೊಂಡೇ ಇತ್ತು. "ಹೊಳಪು ಸಾಕಾ, ಇನ್ನೂ ಬೇಕಾ?" ಎಂದು ಆ ವಸ್ತುವಿನ ಮುಚ್ಚಳ ಎತ್ತಿದ.

ಅದು ವಾದ್ಯದ ಪೆಟ್ಟಿಗೆಯಾಗಿತ್ತು. ಒಳಗೆ ಗುಚಿನ್ ಮಂಕಾಗಿ, ಹೇಗಿತ್ತೋ ಹಾಗೇ ಮಲಗಿತ್ತು. ಸುಯುನ್ ಬೆರಳಿಟ್ಟು ಸವರಿದಳು. ಗಂಡ ತೋರಿಸುತ್ತಿದ್ದ ಬಿರುಕುಗಳೆಲ್ಲ ಒಂದೊಂದಾಗಿ ಸಿಕ್ಕವು. ಹೋದ ಜೀವ ಬಂದಂತಾಯಿತು.

"ಆಗಲ್ಲ ಅಂದಿದ್ರೆ ನಿನ್ನ ಮೈದುನ ಪಕ್ಕದ ಬೀದಿಗೆ ಒಯ್ದು ಕೆರೆಸಿಬಿಡ್ತಿದ್ದ," ಎಂದ ಮಿಯಾವೊ. "ಅದಕ್ಕೇ ಹ್ಞೂಂ ಅಂದು ಇಟ್ಕೊಂಡೆ. ಹೊಳೀಬೇಕು, ಹೊಳೀಬೇಕು ಅಂತ ಮೂರು ಸಲ ಬಂದು ತಲೆ ತಿಂದ. ಪೆಟ್ಟಿಗೆಗೆ ಬಳಿದೆ."

"ನಂಗೊಂದು ಮಾತು ಹೇಳಬಾರದಿತ್ತಾ ಅಣ್ಣ?"

"ನೀನೇ ಕಳಿಸಿದ್ದು ಅಂದನಲ್ಲ. ಅಂಥಾ ಮನುಷ್ಯನ ಹೆಂಡ್ತಿ ಹೀಗೆ ಮಾಡಿದ್ಲಲ್ಲ ಅಂತ ಒಂದು ತಿಂಗಳು ನಿನ್ನನ್ನೇ ಬೈಕೊಂಡೆ ತಂಗಿ. ತಪ್ಪಾಯ್ತು."

ಸುಯುನ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅದಿರಲಿ, ಈ ಕಾಲಲ್ಲಿ ಹೇಗೆ ಹತ್ತಿದೆ?" ಎಂದು ಮುದುಕ ಕೇಳಿದ.

"ಸಿಟ್ಟಲ್ಲಿ. ಇಳಿಯೋಕೆ ಈಗ ಅದೂ ಇಲ್ಲ," ಎಂದು ಅವಳು ಕಣ್ಣೊರೆಸಿಕೊಂಡಳು. "ಗ್ವಾಂಗ್‌ಲಿನ್‌ಗೆ ಫೋನ್ ಮಾಡಿ ಅಣ್ಣ, ಬಂದು ಹೊತ್ತು ಇಳಿಸಲಿ. ಮೊದಲು ಇದನ್ನ, ಆಮೇಲೆ ನನ್ನ."