ಮಸ್ಕತ್ತಿನ ಮೂರು ಗಂಟೆ

ನನ್ನ ಅಟ್ಲಾಸಿನ ಏಷ್ಯಾ ಪುಟದ ಮೇಲೆ, ಮಸ್ಕತ್ತಿನಿಂದ ಮಂಗಳೂರಿಗೆ, ಒಂದು ಕೆಂಪು ನೂಲನ್ನು ಅಂಟಿಸಿಟ್ಟಿದ್ದೆ. ಪಕ್ಕದ ಮನೆಯ ಇದಿನಬ್ಬರ ಮಗ ಸಿದ್ದೀಕ್ ಕೆಲಸಕ್ಕೆಂದು ಮಸ್ಕತ್ತಿಗೆ ಹೊರಟ ದಿನ ದೂರ ಅಳೆದ ನೂಲು ಅದು. ಸುಮಾರು ಎರಡು ಸಾವಿರದ ನೂರು ಕಿಲೋಮೀಟರು, ಮೂರು ಗಂಟೆಯ ಹಾರಾಟ. ಭೂಗೋಳದ ಮೇಷ್ಟ್ರು ನಾನು. ಕೇಳಿದವರಿಗೂ ಕೇಳದವರಿಗೂ ಹೇಳುವ ಚಾಳಿ.

ಒಂದು ಮುಂಜಾನೆ ಇದಿನಬ್ಬರು ತೀರಿಕೊಂಡರು. ಅವರ ತಮ್ಮ ಮೋನಬ್ಬ ಅಂಗಡಿಯ ಫೋನಿನಲ್ಲಿ ಸಿದ್ದೀಕನೊಡನೆ ಮಾತಾಡಿ ಬಂದ.

"ಟಿಕೆಟ್ ಸಿಕ್ಕಿತಂತೆ. ಮಂಗಳೂರಿಗೆ ಮೂರು ಗಂಟೆಗೆ ಮುಟ್ತದೆ ಅಂತ ಅದರಲ್ಲೇ ಉಂಟಂತೆ."

"ಐದರವರೆಗೆ ಕಾಯುವ, ಮಗ ಮುಖ ನೋಡ್ಲಿ," ಎಂದರು ಮಸೀದಿಯ ಖತೀಬರು. "ಅದಕ್ಕಿಂತ ತಡ ಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಸುಮ್ಮನಿರಬೇಕಿತ್ತು.

"ಮೂರು ಅಂದ್ರೆ ಮಸ್ಕತ್ತಿನ ಮೂರು, ಮೋನಬ್ಬ. ನಮ್ಮ ಗಡಿಯಾರ ಒಂದೂವರೆ ಗಂಟೆ ಮುಂದೆ. ಇಲ್ಲಿ ನಾಲ್ಕೂವರೆ ಆಯ್ತು. ಮಂಗಳೂರಿಂದ ಮನೆ ಮುಟ್ಟುವಾಗ ಆರು."

ಮೋನಬ್ಬ ಅನುಮಾನಿಸಿದ. ನಾನು ಮನೆಗೆ ಹೋಗಿ ಅಟ್ಲಾಸು ತಂದೆ, ನೂಲು ತೋರಿಸಿದೆ, ರೇಖಾಂಶ ವಿವರಿಸಿದೆ. ಸಾವಿನ ಮನೆಯ ಅಂಗಳದಲ್ಲಿ ಪಾಠ!

ಇದಿನಬ್ಬರ ಹೆಂಡತಿ ನೆಬಿಸಮ್ಮ ಬಾಗಿಲ ಹಿಂದಿನಿಂದ ಕೇಳುತ್ತಿದ್ದರು. "ಮಾಷ್ಟ್ರಿಗೆ ತಪ್ಪಲಿಕ್ಕಿಲ್ಲ," ಎಂದರು. "ಆರು ಗಂಟೆವರೆಗೆ ಇಡುವುದು ಬೇಡ. ಕೊಂಡು ಹೋಗಿ."

ಮಧ್ಯಾಹ್ನದ ನಮಾಜಿನ ನಂತರ ದಫನ ಮುಗಿಯಿತು.

ನಾಲ್ಕೂವರೆಗೆ ಟ್ಯಾಕ್ಸಿ ಬಂದು ನಿಂತಿತು. ಸಿದ್ದೀಕ್ ಚಪ್ಪಲಿ ಕಳಚದೆ ಒಳಗೆ ಓಡಿದ. ಖಾಲಿ ಮಂಚ ನೋಡಿ ಹೊರಗೆ ಬಂದ.

"ಮೂರು ಗಂಟೆ ಅಂತ ಹೇಳಿದ್ದೆನಲ್ಲ! ಸರಿಯಾಗಿ ಮೂರಕ್ಕೇ ಇಳಿಯಿತು. ಅಷ್ಟು ಕಾಯ್ಲಿಕ್ಕೆ ಆಗಲಿಲ್ವಾ ನಿಮಗೆ?"

ವಿಮಾನ ಇಳಿಯುವ ಹೊತ್ತನ್ನು ಟಿಕೆಟಿನಲ್ಲಿ ಇಳಿಯುವ ಊರಿನ ಗಡಿಯಾರಕ್ಕೇ ಬರೆದಿರುತ್ತಾರೆಂದು ನನಗೆ ಹೊಳೆದದ್ದು ಆಗ. ಕೂಡಿಸಿ ಆಗಿದ್ದ ಒಂದೂವರೆ ಗಂಟೆಯನ್ನು ನಾನು ಇನ್ನೊಮ್ಮೆ ಕೂಡಿಸಿದ್ದೆ. ಜನ್ಮದಲ್ಲಿ ವಿಮಾನ ಹತ್ತದವನ ಪಾಂಡಿತ್ಯ. ಮೋನಬ್ಬ ನನ್ನತ್ತ ತಿರುಗಿದ. ನಾನು ಟ್ಯಾಕ್ಸಿಯತ್ತ ನೋಡಿದೆ.

ನೆಬಿಸಮ್ಮ ಹೊಸ್ತಿಲಿಗೆ ಬಂದು ಮಗನಿಗೆ ಹೇಳಿದರು. "ಕೊಂಡು ಹೋಗಿ ಅಂದದ್ದು ನಾನು, ಮೋನೇ. ಹಾಗೆ ಇಟ್ಟುಕೊಂಡು ನೋಡ್ಲಿಕ್ಕೆ ನನಗೆ ಆಗಲಿಲ್ಲ."

"ಉಮ್ಮಾ, ನೀವಾ?"

ಅಷ್ಟೇ ಅಂದ. ಹತ್ತನೆಯ ದಿನ ಹೇಳದೆ ಕೇಳದೆ ಮಸ್ಕತ್ತಿಗೆ ಹಿಂದಿರುಗಿದ. ಆಮೇಲೆ ತಾಯಿಗೆ ಒಂದು ಕಾಗದ ಬರಲಿಲ್ಲ, ಒಂದು ಫೋನು ಬರಲಿಲ್ಲ. ಅವನ ವಿಳಾಸ ನನ್ನಲ್ಲಿತ್ತು. ತಪ್ಪು ನನ್ನದೆಂದು ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಹೆದರಿಕೆಯಲ್ಲ, ಮೇಷ್ಟ್ರೆಂಬ ಹಮ್ಮು. ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ವರ್ಷ ಕಳೆದ ಮೇಲೆ ಒಂದು ಸಂಜೆ ನೆಬಿಸಮ್ಮ ಗೋಡೆಯಾಚೆಯಿಂದ ಕರೆದರು.

"ಮಾಷ್ಟ್ರೇ, ಈಗ ಅಲ್ಲಿ ಗಂಟೆ ಎಷ್ಟು?"

ಎರಡು ಸಲ ಲೆಕ್ಕ ಹಾಕಿದೆ. "ಐದು."

"ಹಾಗಾದ್ರೆ ಅವನಿಗೆ ಇನ್ನೂ ಕೆಲಸ ಮುಗಿದಿರ್ಲಿಕ್ಕಿಲ್ಲ," ಎಂದು ಅವರು ಅಲ್ಲೇ ಮೆಟ್ಟಿಲ ಮೇಲೆ ಕಾಯುತ್ತ ಕುಳಿತರು.