ಅಣ್ಣ ಇದ್ದಾನೆ

ಟೈಲರಕ್ಕನ ಮನೆ ಹಸಿರಾಗಿತ್ತು.

ಅಂದಾಜಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಮೇಷ್ಟ್ರ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಮೂಡಿದ್ದ ನಕ್ಷೆಯಲ್ಲಿ ಒಂದೊಂದು ಮನೆಯೂ ಒಂದೊಂದು ಚುಕ್ಕೆ. ಕೆಂಪು ಎಂದರೆ ಮುಂದಿನ ಐದು ವರ್ಷದೊಳಗೆ ಕಾಯಿಲೆಯ ಖರ್ಚಿಗೆ ಸಿಕ್ಕಿ ಮುಳುಗಿಹೋಗುವ ಮನೆ. ಹಸಿರು ಎಂದರೆ ಹೇಗೋ ಈಜಿ ದಡ ಸೇರುವ ಮನೆ. ಕೆಂಪು ಮನೆಗೆ ಅರ್ಧ ಬೆಲೆಯ ಔಷಧದ ಕಾರ್ಡು ಉಳಿಯುತ್ತದೆ. ಹಸಿರು ಮನೆಯದು ಬರುವ ತಿಂಗಳಿಂದ ರದ್ದು. ಯಾವ ಮನೆ ಮುಳುಗುತ್ತದೆ, ಯಾವುದು ಮುಳುಗುವುದಿಲ್ಲ ಎಂದು ಮೊದಲೇ ಹೇಳುವ ಆ ಲೆಕ್ಕದ ಮಾದರಿಯನ್ನು ಕಟ್ಟಿದವಳು ಅಂದಾಜಮ್ಮನೇ. ಅವಳು ಕಟ್ಟಿಕೊಟ್ಟಾಗ ಓಣಿಯ ಮೂಲೆಯಲ್ಲಿದ್ದ ಟೈಲರಕ್ಕನ ಮನೆ ಕೆಂಪಗೇ ಇತ್ತು.

ಅಂದಾಜಮ್ಮ ಎಂಬ ಹೆಸರು ಇಟ್ಟದ್ದು ಆಫೀಸಿನವರು. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೂ "ಅಂದಾಜು ಹೇಳಬಹುದು, ಖಾತ್ರಿ ಹೇಳೋಕಾಗಲ್ಲ" ಎನ್ನುವ ಹೆಣ್ಣಿಗೆ ಇನ್ಯಾವ ಹೆಸರು ಒಪ್ಪೀತು? ಮೂವತ್ತು ದಾಟುವ ಮೊದಲೇ ಅಮ್ಮ ಎನಿಸಿಕೊಂಡದ್ದಕ್ಕೆ ಅವಳು ಬೇಸರಪಟ್ಟವಳೂ ಅಲ್ಲ. ಮೇಷ್ಟ್ರು ಮಾತ್ರ ಅವಳನ್ನು "ಮಗು" ಎನ್ನುತ್ತಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ, ಕೈಹಿಡಿದು ಈ ಸಂಸ್ಥೆಗೆ ಕರೆತಂದವರು. ಅವರು ಗೆರೆ ಎಳೆದರೆ ಅದನ್ನು ದಾಟಿ ಅವಳಿಗೆ ಅಭ್ಯಾಸವೇ ಇರಲಿಲ್ಲ.

"ಸರ್, ಇದರಲ್ಲಿ ಏನೋ ಸೇರಿಸಿದ್ದೀರಾ?"

ಮೇಷ್ಟ್ರು ಮುಚ್ಚಿಡಲಿಲ್ಲ. ಮೇಲಿನವರಿಗೆ ಕೆಂಪು ಹೆಚ್ಚಾಯಿತಂತೆ. ಇಷ್ಟೊಂದು ಮನೆ ಮುಳುಗುತ್ತವೆ ಎಂದರೆ ಯೋಜನೆಯನ್ನೇ ನಿಲ್ಲಿಸಿಬಿಡುತ್ತೇವೆ ಎಂದರಂತೆ. ಅದಕ್ಕೆ ಸಮೀಕ್ಷೆಯ ಕೊನೆಯ ಪ್ರಶ್ನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ದೊಡ್ಡ ಕಾಯಿಲೆ ಬಂದರೆ ಕೈಹಿಡಿಯುವವರು ಯಾರಾದರೂ ಇದ್ದಾರೆಯೇ ಎನ್ನುವ ಪ್ರಶ್ನೆ. ಇದ್ದಾರೆ ಎಂದ ಮನೆಗಳೆಲ್ಲ ಹಸಿರಿಗೆ ಹೊರಳಿದ್ದವು.

"ಅದು ಬರೀ ನಮ್ಮ ತಿಳಿವಳಿಕೆಗೆ, ಲೆಕ್ಕಕ್ಕೆ ಹೋಗಲ್ಲ ಅಂತ ನೀವೇ ಅಲ್ವಾ ಸರ್ ಹೇಳಿದ್ದು? ನಾನು ಮನೆಮನೇಲಿ ಹಾಗೇ ಹೇಳಿ ಬಂದೆ."

"ಹೇಳಿದ್ದೆ," ಎಂದರು ಮೇಷ್ಟ್ರು. ಆಮೇಲೆ ಮೆತ್ತಗೆ, "ಆದರೆ ಮಾದರಿ ಈಗ ಎಷ್ಟು ಚೆನ್ನಾಗಿ ಕೂತಿದೆ ನೋಡು ಮಗು. ಅಣ್ಣನೋ ತಮ್ಮನೋ ಇದ್ದಾನೆ ಅಂದ ಮನೆಗಳಲ್ಲಿ ಖರ್ಚಿನ ಏಟು ಕಾಣಿಸ್ತಾನೇ ಇಲ್ಲ" ಎಂದರು.

ಮಾನಕ್ಕೆ ಅಂಜಿ ಅಣ್ಣ ಇದ್ದಾನೆ ಎನ್ನುವವರು ಅದೇ ಮಾನಕ್ಕೆ ಅಂಜಿ ಖರ್ಚನ್ನೂ ಮುಚ್ಚಿಡುತ್ತಾರೆ ಎಂದು ಅವಳು ವಾದಿಸಿದಳು. ಇರಬಹುದು, ಆದರೆ ಅದನ್ನು ನಾವು ಎಲ್ಲಿ ಅಳೆದಿದ್ದೇವೆ ಎಂದರು ಅವರು. ಅಂಥ ಪ್ರಶ್ನೆ ಕೇಳುವುದನ್ನು ಅವಳಿಗೆ ಕಲಿಸಿದವರೂ ಅವರೇ. ವರದಿಯ ಮೊದಲ ಪುಟದಲ್ಲಿ ಅವಳ ಹೆಸರನ್ನು ತಮ್ಮ ಹೆಸರಿಗಿಂತ ಮೇಲೆ ಹಾಕಿಸಿದ್ದೇನೆ ಎಂದು ಬೇರೆ ಹೇಳಿದರು. ನಂಬಿದವರು ಮೋಸ ಮಾಡಿದಾಗ ಸಿಟ್ಟಿಗಿಂತ ಮೊದಲು ನಾಚಿಕೆ ಬರುತ್ತದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಇಷ್ಟು ದಿನ ಎಷ್ಟು ಸುಲಭವಾಗಿ ತಲೆಯಾಡಿಸಿದೆನಲ್ಲ ಎಂಬ ನಾಚಿಕೆ.

ಮನೆಯೊಳಗೆ ಕಾಲಿಡದೆ ಮನೆಯ ಖರ್ಚಿನ ಲೆಕ್ಕ ಹಾಕಬೇಡ ಎಂದು ಅವಳನ್ನು ಹಿಂದಿನ ವರ್ಷ ಸಮೀಕ್ಷೆಗೆ ಅಟ್ಟಿದವರೂ ಮೇಷ್ಟ್ರೇ. ಹಾಗೆ ಹೋಗಿ ಸಿಕ್ಕಿದವಳು ಟೈಲರಕ್ಕ. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ತೂಗುಹಾಕಿದ ಅರ್ಧ ಹೊಲಿದ ಕೋಟುಗಳು. ಕಿಟಕಿಯ ಬಳಿ ಗಂಡ. ಎಲೆಕ್ಟ್ರಿಷಿಯನ್ ಆಗಿದ್ದವನು, ಹೃದಯದ ವಾಲ್ವು ಬದಲಾಯಿಸಿದ ಮೇಲೆ ಏಣಿ ಹತ್ತುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬದುಕಿರುವವರೆಗೂ ದಿನಾ ನುಂಗಬೇಕು. ಕಾರ್ಡು ಸಿಗುವ ಮೊದಲು ಒಮ್ಮೆ ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಾ ಬಂದು, ಇದೇ ಕೋಣೆಯಲ್ಲಿ ಕುಸಿದುಬಿದ್ದಿದ್ದನಂತೆ. ಎಡಗೈ ಅಂದಿನಿಂದ ಸ್ವಲ್ಪ ಸೋತಿದೆ. ಮೂಲೆಯಲ್ಲಿ ತಟ್ಟೆಯ ತುಂಬ ಗುಂಡಿ ಹಾಕಿಕೊಂಡು ಬಣ್ಣ ಬಣ್ಣ ಬೇರ್ಪಡಿಸುತ್ತಿದ್ದವಳು ಅತ್ತೆ.

ಆ ಕೊನೆಯ ಪ್ರಶ್ನೆ ಕೇಳಿದಾಗ ಟೈಲರಕ್ಕ ಯಂತ್ರ ನಿಲ್ಲಿಸಿದಳು. ದನಿ ಒಂದು ಮಟ್ಟ ಏರಿತು.

"ಯಾಕಿಲ್ಲ? ನನ್ನಣ್ಣ ಇದಾನಲ್ಲ. ಅಂಗಡಿ ಮಾರಿಯಾದ್ರೂ ನನ್ನ ಕೈಬಿಡಲ್ಲ."

ಅತ್ತೆ ಗುಂಡಿಯಿಂದ ತಲೆ ಎತ್ತಲಿಲ್ಲ. ಬೀಳ್ಕೊಡುವ ನೆಪದಲ್ಲಿ ಟೈಲರಕ್ಕ ಬೀದಿಯವರೆಗೂ ಬಂದು ನಿಜ ಹೇಳಿದಳು. ಅಪ್ಪನ ಮನೆ ಪಾಲಾದ ಮೇಲೆ ಅಣ್ಣ ಅವಳ ಮುಖ ನೋಡಿಲ್ಲ, ಫೋನೂ ಎತ್ತುವುದಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾಗ ಹೇಳಿಕಳಿಸಿದರೆ ಊರಲ್ಲಿಲ್ಲ ಎನಿಸಿದ್ದನಂತೆ. ವರ್ಷಕ್ಕೊಂದು ಸಲ ಅಣ್ಣ ಕಳಿಸಿದ ಎಂದು ಅತ್ತೆಗೆ ಕೊಡುವ ಬಟ್ಟೆ ಇವಳೇ ಕದ್ದುಮುಚ್ಚಿ ಹೊಲಿದದ್ದು.

"ಅತ್ತೆ ಎದುರಿಗೆ ಇನ್ನೇನು ಹೇಳ್ಲಿ? ತವರಲ್ಲಿ ಯಾರೂ ಇಲ್ಲ ಅಂದ್ಬಿಟ್ರೆ ಈ ಮನೇಲಿ ಯಾವ ಮುಖ ಇಟ್ಕೊಂಡು ಬಾಳ್ಲಿ? ಈ ಮಾತು ನಿಮ್ಮ ಹತ್ರಾನೇ ಇರ್ಲಿ, ತಾಯಿ."

ಅಂದಾಜಮ್ಮ ಮಾತು ಕೊಟ್ಟಳು. ಆ ಪ್ರಶ್ನೆ ಲೆಕ್ಕಕ್ಕೇ ಹೋಗುವುದಿಲ್ಲ, ಅದಕ್ಕಾಗಿ ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದಳು. ಟೈಲರಕ್ಕನ ಬಾಯಲ್ಲಿ ಬಂದ ಉತ್ತರವನ್ನು ತಿದ್ದದೆ ಹಾಗೇ ಬಿಟ್ಟಳು.

ಅಲ್ಲಿಂದ ಶುರುವಾದ ಸ್ನೇಹ. ಆಫೀಸು ಬಿಟ್ಟ ಮೇಲೆ ಆ ಓಣಿಯ ಕಡೆಗೆ ಕಾಲು ತಾನಾಗಿ ತಿರುಗುತ್ತಿತ್ತು. ನೀವು ಹೋಗಿ ನೀನು ಆಯಿತು, ತಾಯಿ ಹೋಗಿ ಅಂದಾಜಮ್ಮ ಆಯಿತು. ನಿನಗೊಂದು ಒಳ್ಳೆ ಕೋಟು ಹೊಲಿದುಕೊಡುತ್ತೇನೆ, ಈ ಜೋತುಬಿದ್ದ ಸ್ವೆಟರ್ ಹಾಕಿಕೊಂಡು ದೊಡ್ಡವರ ಮುಂದೆ ಭಾಷಣ ಮಾಡಬೇಡ ಎಂದು ಟೈಲರಕ್ಕ ಬೂದುಬಣ್ಣದ ಬಟ್ಟೆ ಆರಿಸಿ ಅಳತೆ ತೆಗೆದಳು. ಟೇಪು ಭುಜದ ಮೇಲೆ ಹಾಕಿ ನಕ್ಕಳು. ವರ್ಷಗಟ್ಟಲೆ ಕಂಪ್ಯೂಟರ್ ಚೀಲ ಹೊತ್ತು ಬಲಭುಜ ಇಳಿದುಹೋಗಿತ್ತು. ಅಂದಾಜಮ್ಮನಿಗೇ ಅದು ಗೊತ್ತಿರಲಿಲ್ಲ.

"ಇರ್ಲಿ ಬಿಡು, ಒಳಗಡೆ ಮುಚ್ಚಿಬಿಡ್ತೀನಿ. ನೋಡ್ದೋರಿಗೆ ಗೊತ್ತಾಗಬಾರದು."

ಈಗ ಅದೇ ಮನೆಗೆ ಹೋಗಿ, ನಿನ್ನ ಕಾರ್ಡು ಹೋಗುತ್ತದೆ ಎಂದು ಹೇಳಬೇಕಿತ್ತು. ದಾರಿ ಇಲ್ಲದಿರಲಿಲ್ಲ. ತಕರಾರು ಕೊಟ್ಟರೆ ತನಿಖೆಯವರು ಮನೆಗೆ ಬಂದು, ಮನೆಯ ದೊಡ್ಡವರೆಲ್ಲರ ಮುಂದೆ ಅದೇ ಪ್ರಶ್ನೆ ಕೇಳುತ್ತಾರೆ. ಗುಟ್ಟಾಗಿ ಉತ್ತರ ತಿದ್ದಬಾರದು ಎಂದು ಮಾಡಿದ ನಿಯಮ ಅದು. ಆ ನಿಯಮ ಬರೆದದ್ದೂ ಅಂದಾಜಮ್ಮನೇ. ಬರೆಯುವಾಗ ತುಂಬ ನ್ಯಾಯವಾದದ್ದು ಅನ್ನಿಸಿತ್ತು.

ಟೈಲರಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯಲ್ಲಿ ಗುರುತು ಹಾಕುವ ಸೀಮೆಸುಣ್ಣ ಹಾಗೇ ಇತ್ತು. ತಕರಾರು ಕೊಡುವುದೇನೋ ಕೊಡು, ಆದರೆ ಯಾರು ಬಂದು ಕೇಳಿದರೂ ನನ್ನ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ ಎಂದಳು. ಭಾವನ ಮಾತ್ರೆಗೆ ಏನು ಮಾಡುತ್ತೀ ಎಂದು ಅಂದಾಜಮ್ಮ ಕೇಳಿದರೆ, ಇನ್ನೆರಡು ಕೋಟು ಹೆಚ್ಚಿಗೆ ಹೊಲಿಯುತ್ತೇನೆ ಎಂದಳು. ಅವಳ ಕಣ್ಣು ಆಗಲೇ ಕೆಂಪಾಗಿತ್ತು, ಸೂಜಿಗೆ ದಾರ ಪೋಣಿಸಲು ಎರಡು ಮೂರು ಸಲ ತಡಕಾಡುತ್ತಿದ್ದಳು. ಕಿಟಕಿಯ ಬಳಿ ಗಂಡ ಎಡಗೈಯನ್ನು ಬಲಗೈಯಿಂದ ನೀವಿಕೊಳ್ಳುತ್ತ ಕೂತಿದ್ದ. ಮುಂದೇನಾಗುತ್ತದೆ ಎಂದು ಅಂದಾಜು ಮಾಡಲು ಅಂದಾಜಮ್ಮನಿಗೆ ಯಾವ ಮಾದರಿಯೂ ಬೇಕಾಗಲಿಲ್ಲ. ಇವನು ಮತ್ತೆ ಮಾತ್ರೆ ಮುರಿಯುತ್ತಾನೆ.

ಅಂದಾಜಮ್ಮನೇ ತಕರಾರು ಬರೆದು ಕೊಟ್ಟಳು. ತನಿಖೆಯ ಹಿಂದಿನ ದಿನ, ಟೈಲರಕ್ಕ ಬಟ್ಟೆ ತರಲು ಹೋಗಿದ್ದ ಹೊತ್ತು ನೋಡಿಕೊಂಡೇ ಅವಳು ಆ ಮನೆಗೆ ಹೋದಳು. ಗಂಡ ಒಳಗೆ ಮಲಗಿದ್ದ. ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಅಣ್ಣನ ವಿಷಯವೆಲ್ಲ ಹೇಳಿಬಿಟ್ಟಳು. ಬೇಗ ಬೇಗ ಹೇಳಿದಳು, ಔಷಧ ಕುಡಿಸಿ ಬಾಯಿ ಒರೆಸುವವರ ಹಾಗೆ. ನಾಳೆ ನೀವಾದರೂ ನಿಜ ಹೇಳಿ, ನಿಮ್ಮ ಮಗನ ಜೀವದ ಪ್ರಶ್ನೆ ಎಂದಳು.

ಮುದುಕಿ ಒಂದು ಕರಿ ಗುಂಡಿಯನ್ನು ಬಿಳಿಯದರ ರಾಶಿಯಿಂದ ತೆಗೆದು ಈಚೆಗಿಟ್ಟಳು.

"ನನಗೇನು ಗೊತ್ತಿಲ್ವೇನಮ್ಮ? ನಮ್ಮ ಸೊಸೆ ಹಾಕೋ ಹೊಲಿಗೆ ನನಗೆ ಗುರುತು ಸಿಗಲ್ವಾ? ಅಣ್ಣ ಕಳಿಸಿದ ಅಂತ ಕೊಡ್ತಾಳೆ, ಹಾಕ್ಕೋತೀನಿ. ಅವಳು ಹೇಳ್ತಿದ್ಲು, ನಾನು ಕೇಳ್ತಿದ್ದೆ. ಮನೆ ನಡೀತಿತ್ತು."

ಆಮೇಲೆ ಅವಳನ್ನೇ ನೋಡುತ್ತ, "ಈಗ ನೀನು ಬಂದು ಹೇಳಿದ್ಯಲ್ಲ. ಇನ್ಮೇಲೆ ಗೊತ್ತಿಲ್ಲ ಅಂತ ನಾನು ಹ್ಯಾಗೆ ಇರ್ಲಿ?" ಎಂದಳು.

ಮರುದಿನ ತನಿಖೆಯವನು ಬಂದ. ಒಳ್ಳೆಯವನೇ, ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿನ ತುದಿಯಲ್ಲಿ ಕೂತು, ತೊಂದರೆ ಕೊಟ್ಟೆ ಎಂದು ಹೇಳಿಕೊಂಡೇ ಪ್ರಶ್ನೆ ಓದಿದ. ಅಂದಾಜಮ್ಮ ಬಾಗಿಲ ಬಳಿ ನಿಂತಿದ್ದಳು. ಟೈಲರಕ್ಕ ಸೆರಗು ಸರಿಮಾಡಿಕೊಂಡು, ಹಿಂದಿನ ವರ್ಷದ ಅದೇ ದನಿಯಲ್ಲಿ, "ಅಣ್ಣ ಇದಾನೆ" ಎಂದಳು.

"ಇದಾನಪ್ಪ," ಎಂದಳು ಅತ್ತೆ, ತಟ್ಟೆ ಪಕ್ಕಕ್ಕಿಟ್ಟು. "ಆದರೆ ಬರಲ್ಲ. ಅವಳನ್ನ ಬಿಟ್ಟು ಬಹಳ ವರ್ಷ ಆಯ್ತು. ನಮಗೆ ಯಾರೂ ಇಲ್ಲ. ಹಾಗೇ ಬರ್ಕೋ."

ಗಂಡ ಕಿಟಕಿಯ ಆಚೆ ನೋಡಿದ. ಟೈಲರಕ್ಕ ಅತ್ತೆಯ ಕಡೆ ತಿರುಗಲಿಲ್ಲ. ತಿರುಗಿದ್ದು ಬಾಗಿಲ ಕಡೆಗೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದ ಅಂದಾಜಮ್ಮನಿಗೆ ಅವಳ ಮುಖದಲ್ಲಿ ಕಂಡದ್ದು ಅದಾವುದೂ ಅಲ್ಲ. ಅಪರಿಚಿತರು ಬಂದಾಗ ಏನು ಬೇಕಿತ್ತು ಎಂದು ನೋಡುವ ನೋಟ ಅದು. ತನಿಖೆಯವನು ಹೋದ ಮೇಲೆ ಟೈಲರಕ್ಕ ಯಂತ್ರದ ಮುಂದೆ ಕೂತು ತುಳಿಯತೊಡಗಿದಳು.

ಕಾರ್ಡು ಉಳಿಯಿತು. ಮೂಲೆಮನೆಯ ಚುಕ್ಕೆ ಮತ್ತೆ ಕೆಂಪಾಯಿತು. ಮೇಷ್ಟ್ರು ಅವಳನ್ನು ಕರೆದು, ನೋಡಿದೆಯಾ, ತಪ್ಪಾದರೆ ತಿದ್ದಿಕೊಳ್ಳುವ ದಾರಿ ಇಟ್ಟಿದ್ದೇವಲ್ಲ, ಎಲ್ಲರಿಗೂ ಒಳ್ಳೆಯದೇ ಆಯಿತು ಎಂದು ಬೆನ್ನು ತಟ್ಟಿದರು. ಅವರ ಮುಖ ನೋಡಿದರೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ಎಲ್ಲರ ಒಳ್ಳೆಯದಕ್ಕೇ ಮಾಡಿದೆ ಎನ್ನುವ ಆ ಸಮಾಧಾನದ ಮುಖವನ್ನು ಅವಳು ಎಲ್ಲೋ ಕಂಡಿದ್ದಳು, ಅದೂ ಈಚೆಗೆ, ತನ್ನದೇ ಕನ್ನಡಿಯಲ್ಲಿ. ಅವರನ್ನು ಮನಸ್ಸಾರೆ ಬೈಯುವ ಸುಖವೂ ತನ್ನ ಪಾಲಿಗೆ ಇಲ್ಲವಾಯಿತಲ್ಲ ಎಂದು ಅವಳಿಗೆ ಅಳು ಬಂತು. ನೆಗಡಿ ಎಂದು ಹೇಳಿ ಎದ್ದುಬಂದಳು.

ಧೈರ್ಯ ಬರಲು ಕೆಲವು ದಿನ ಹಿಡಿಯಿತು. ಒಂದು ಸಂಜೆ ಕೋಟಿನ ನೆಪ ಮಾಡಿಕೊಂಡು ಆ ಓಣಿಗೆ ಹೋದಳು. ಮೂಲೆಯಲ್ಲಿ ಅತ್ತೆ ಇರಲಿಲ್ಲ. ಒಳಗಿನ ಕೋಣೆಯಿಂದ ತಟ್ಟೆಯಲ್ಲಿ ಗುಂಡಿ ಉರುಳುವ ಸದ್ದು ಕೇಳುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವುದು ನಿಂತುಹೋಗಿರಬೇಕು. ಕಿಟಕಿಯ ಕಟ್ಟೆಯ ಮೇಲೆ ಹೊಸ ಮಾತ್ರೆಯ ಡಬ್ಬಿ ಇತ್ತು.

"ಅಕ್ಕಾ," ಎಂದಳು ಅಂದಾಜಮ್ಮ.

ಟೈಲರಕ್ಕ ಗಿರಾಕಿಯನ್ನು ನೋಡುವಂತೆ ನೋಡಿ, ಎದ್ದು, ಗೂಟಕ್ಕೆ ತೂಗುಹಾಕಿದ್ದ ಚೀಲವೊಂದನ್ನು ತಂದು ಇಸ್ತ್ರಿ ಮೇಜಿನ ಮೇಲಿಟ್ಟಳು.

"ಪುರುಸೊತ್ತಾಗ್ಲಿಲ್ಲ ಮೇಡಂ. ಬೇರೆ ಕಡೆ ಹೊಲಿಸ್ಕೊಳ್ಳಿ. ಕತ್ತರಿಸಿರೋದು ಸರಿಯಾಗೇ ಇದೆ."

ಅಂದಾಜಮ್ಮ ಏನೇನೋ ಹೇಳಬೇಕೆಂದು ಬಂದಿದ್ದಳು. ಭಾವ ಬದುಕಬೇಕಿತ್ತಲ್ಲ ಎನ್ನಬೇಕಿತ್ತು, ನನಗೂ ನಂಬಿದವರೇ ಕೈಕೊಟ್ಟರು ಎನ್ನಬೇಕಿತ್ತು. ಮೇಡಂ ಎನಿಸಿಕೊಂಡ ಮೇಲೆ ಚೀಲ ತೆಗೆದುಕೊಂಡು ಇಳಿದು ಬಂದಳು. ಹಿಂದೆ ಯಂತ್ರ ಮತ್ತೆ ಶುರುವಾದದ್ದು ಓಣಿಯ ತಿರುವಿನವರೆಗೂ ಕೇಳಿಸಿತು.

ತನ್ನ ಕೋಣೆಗೆ ಬಂದು ಚೀಲದಲ್ಲಿದ್ದುದನ್ನೆಲ್ಲ ಹಾಸಿಗೆಯ ಮೇಲೆ ಒಂದೊಂದಾಗಿ ಹರಡಿದಳು. ಬೆನ್ನಿನ ತುಂಡು, ಮುಂಭಾಗದ ಎರಡು, ತೋಳುಗಳು, ಕಾಲರು, ಒಳಗಿನ ಅಸ್ತರಿ. ಎಲ್ಲವೂ ಬಿಡಿಬಿಡಿ, ಸೀಮೆಸುಣ್ಣದ ಗೆರೆ ಕೂಡ ಅಳಿಸಿರಲಿಲ್ಲ. ಒಂದರಲ್ಲಿ ಮಾತ್ರ ಹೊಲಿಗೆ ಬಿದ್ದಿತ್ತು. ಮುಂಭಾಗದ ಬಲ ತುಂಡನ್ನು ಮಗುಚಿದಾಗ, ಹೊರಗಿನಿಂದ ಯಾರಿಗೂ ಕಾಣದ ಹಾಗೆ, ಭುಜದ ಒಳಮಗ್ಗುಲಿಗೆ ಹತ್ತಿಯ ಪುಟ್ಟ ಮೆತ್ತೆಯೊಂದನ್ನು ಇಟ್ಟು ಸುತ್ತಲೂ ಸಣ್ಣ ಸಣ್ಣ ಕೈಹೊಲಿಗೆ ಹಾಕಿ ಮುಗಿಸಿತ್ತು.