ಮೂಕವ್ವ ಕುಂತ ತಾವು

ಗಂಗಾಮಣಿಯ ಮಗಳು ನಯನಾ ಹಾಸನದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಳು. ಅವರವರ ಊರಿನ ಹತ್ತು ಹಾಡು ಬರೆದುಕೊಂಡು ಬನ್ನಿ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗಿದ್ದ ಫೆಬ್ರವರಿಯ ಒಂದು ಮಧ್ಯಾಹ್ನ ಗಂಗಾಮಣಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ, ನಾಟಿ ಹಾಕುವಾಗ ಹಾಡುತ್ತಿದ್ದ ಹಾಡುಗಳನ್ನು ಒಂದೊಂದಾಗಿ ಹೇಳಿದಳು. ನಯನಾ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಆರೋ ಏಳೋ ಆದ ಮೇಲೆ ಗಂಗಾಮಣಿಗೆ ಅತ್ತೆ ಮುನಿಯಮ್ಮ ಕಲಿಸಿದ ಹಾಡು ನೆನಪಾಯಿತು.

ಕೋಡಿಲ್ಲದ ಬಸವಣ್ಣ ಕೋಡಿಯ ಕಾಯ್ತವನೆ
ಅವನ ಬೆನ್ನಿಗೆ ಬೆನ್ನ ಕೊಡು ತಾಯಿ, ಮೂಡಲ
ಸೂರಪ್ಪನ ಮೋರೆ ನೋಡವ್ವ

ಬಲಗೈಗೆ ಹೊಳೆ ಇರಲಿ, ತಲೆ ಮ್ಯಾಗೆ ಹೊರೆ ಇರಲಿ
ಹೊರೆ ಹೊತ್ತ ಹೆಜ್ಜೆ ನೂರ್ಹತ್ತು ನಡೆದರೆ
ಮೂಕವ್ವ ಕುಂತ ತಾವವ್ವ

"ಆಮೇಲೆ?" ಎಂದಳು ನಯನಾ.

"ಅಷ್ಟೇ. ಇನ್ನೂ ಐತೆ ಅಂತಿದ್ರು ನಿಮ್ಮಜ್ಜಿ. ನಂಗೆ ಕಲಿಸ್ಲಿಲ್ಲ."

ಮಗಳು ಮೊಬೈಲನ್ನು ಇನ್ನೊಂದು ಸಲ ಹಚ್ಚಿ ಕೇಳಿದಳು, ಮತ್ತೊಂದು ಸಲವೂ ಕೇಳಿದಳು. "ಅಮ್ಮ, ಇದರಲ್ಲಿ ನಾಟಿ ಎಲ್ಲಿದೆ? ಗದ್ದೆ ಎಲ್ಲಿದೆ? ಬಸವನಿಗೆ ಬೆನ್ನು ಕೊಡು, ಮೂಡಲಕ್ಕೆ ತಿರುಗು, ಇಷ್ಟು ಹೆಜ್ಜೆ ನಡಿ. ಇದು ಯಾರೋ ಯಾರಿಗೋ ದಾರಿ ಹೇಳಿರೋ ಹಾಗಿದೆ."

ಗಂಗಾಮಣಿಯ ಕೈ ನಿಂತಿತು. ಇಪ್ಪತ್ತಾರು ವರ್ಷ ಬಾಯಲ್ಲಿದ್ದ ಹಾಡು. ಒಂದು ದಿನವೂ ಅದರ ಅರ್ಥ ಕೇಳಿಕೊಂಡವಳಲ್ಲ.

ಕೋಡು ಮುರಿದ ಬಸವಣ್ಣನ ಕಲ್ಲು ಅವರ ಊರಿನಲ್ಲಿ ಇದ್ದದ್ದು ಬೆಳಗೋಡಿಗೆ ಹೋಗುವ ಬಸ್ಸು ನಿಲ್ಲುವ ಕಡೆ. ತಾಯಿ ಮಗಳು ಸಂಜೆ ಅಲ್ಲಿಗೆ ಹೋಗಿ ನಿಂತರು. ಮೂಡಲಕ್ಕೆ ತಿರುಗಿದರೆ ಸೊಸೈಟಿಯ ಗೋಡೆ. ಹೊಳೆ ಬಲಗೈಗಲ್ಲ, ಬೆನ್ನ ಹಿಂದೆ. ನಯನಾಳ ಮುಖ ಸಪ್ಪಗಾಯಿತು. ಗಂಗಾಮಣಿ ಮಾತ್ರ ಬಸವಣ್ಣನ ಬೆನ್ನು ಸವರುತ್ತ ನಿಂತಿದ್ದಳು. ಅವಳು ಮದುವೆಯಾಗಿ ಬಂದ ಮರುವರ್ಷ ರಸ್ತೆಗೆ ಟಾರು ಹಾಕಿದ್ದರು. ಆಗ ನಾಲ್ಕಾರು ಗಂಡಸರು ಸೇರಿ ಈ ಕಲ್ಲನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು.

"ಇದು ಇಲ್ಲಿದ್ದುದಲ್ಲ ಕಣೆ," ಎಂದಳು. "ಹಳೇ ಕೆರೆ ಕೋಡಿ ಮೇಲಿತ್ತು. ಕೆರೆ ಒಡೆದು ಗದ್ದೆ ಆಗ್ಬುಡ್ತು. ಇದನ್ನ ಮಾತ್ರ ಇಲ್ಲಿಗೆ ತಂದ್ರು."

ಮರುದಿನ ಬೆಳಿಗ್ಗೆ ಹುಡುಕಿದಾಗ ಕೋಡಿಯ ಗುರುತು ಸಿಕ್ಕಿತು. ಲಂಟಾನದ ಪೊದೆಯ ಕೆಳಗೆ ಕಲ್ಲಿನ ಪೀಠ ಹಾಗೇ ಇತ್ತು. ಗಂಗಾಮಣಿ ಹಾಡನ್ನು ಗಟ್ಟಿಯಾಗಿ ಹಾಡುತ್ತ ಅಲ್ಲಿ ಮೂಡಲಕ್ಕೆ ತಿರುಗಿ ನಿಂತಳು. ಹೊಳೆಯ ಸದ್ದು ಬಲಗಿವಿಗೆ ಕೇಳುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಯನಾ ನೂರ ಹತ್ತು ಹೆಜ್ಜೆ ಎಣಿಸುತ್ತ ಹೋದಳು. ಚಿಕ್ಕಪ್ಪ ರವಿಯ ಬೇಲಿಯನ್ನು ನುಸುಳಿ, ಕಾಫಿ ತೋಟವನ್ನು ದಾಟಿ, ಆಚೆಯ ಹಳ್ಳದ ಕೆಸರಿನಲ್ಲಿ ನಿಂತಳು. ಅಲ್ಲಿ ಏನೂ ಇರುವ ಹಾಗೆ ಕಾಣಲಿಲ್ಲ.

"ಬಾ ಈಚೆ," ಎಂದು ಗಂಗಾಮಣಿ ಕೂಗಿದಳು. "ನಿನ್ನಂಗೆ ಕೈಬೀಸ್ಕೊಂಡು ನಡೆದರೆ ಆಗಲ್ಲ. ಹೊರೆ ಹೊತ್ತ ಹೆಜ್ಜೆ ಅಂತ ಐತಲ್ಲ. ತಲೆ ಮೇಲೆ ಭಾರ ಇದ್ರೆ ಯಾರು ದಾಪುಗಾಲು ಹಾಕ್ತಾರೆ?"

ಹಸುವಿಗೆಂದು ಕೊಯ್ದಿಟ್ಟಿದ್ದ ಹುಲ್ಲಿನ ಹೊರೆಯನ್ನು ಮಗಳ ಕೈಲಿ ತಲೆಗೆ ಎತ್ತಿಸಿಕೊಂಡು ಪೀಠದ ಮುಂದೆ ನಿಂತಳು. ಕುತ್ತಿಗೆ ತಾನಾಗಿ ನೆಟ್ಟಗಾಯಿತು, ಹೆಜ್ಜೆ ತಾನಾಗಿ ಚಿಕ್ಕದಾಯಿತು. ಎಣಿಸುತ್ತ ನಡೆದಳು. ತೊಂಬತ್ತೆರಡನೇ ಹೆಜ್ಜೆಗೆ ಮುಳ್ಳುತಂತಿ ಎದೆಗೆ ತಗುಲಿತು.

ತಂತಿಯ ಆಚೆ ರವಿಯ ಹೆಂಡತಿ ಶೀಲಾ ನಿಂತಿದ್ದಳು. ಕೈಯಲ್ಲಿ ಮೆಣಸಿನ ಬಳ್ಳಿ ಕಟ್ಟುವ ದಾರವಿತ್ತು.

ಓರಗಿತ್ತಿಯರಿಬ್ಬರೂ ಮಾತಾಡಿ ಒಂಬತ್ತು ವರ್ಷವಾಗಿತ್ತು. ಅಣ್ಣ ತಮ್ಮ ಪಾಲಾಗುವಾಗ ಗದ್ದೆಗೆ ಹೋಗುವ ದಾರಿಯ ಬಗ್ಗೆ ಜಗಳ ಬಂದಿತ್ತು. ಗಂಡಸರ ಜಗಳ ನಾಲ್ಕು ದಿನಕ್ಕೆ ಮುಗಿಯಿತು. ಆ ಜಗಳದ ನಡುವೆ ಗಂಗಾಮಣಿ ಒಂದು ಮಾತು ಆಡಿದ್ದಳು. "ಮಕ್ಕಳಿಲ್ಲದೋಳಿಗೆ ಇಷ್ಟಗಲ ದಾರಿ ಯಾತಕ್ಕೆ?" ಶೀಲಾ ಅವತ್ತು ತಿರುಗಿ ಒಳಗೆ ಹೋದಳು. ಮಾರನೆಯ ವಾರ ಬೇಲಿ ಬಂತು. ಕೊನೆಯ ಎರಡು ವರ್ಷ ಅತ್ತೆ ಮುನಿಯಮ್ಮ ಇದ್ದದ್ದು ಶೀಲಾಳ ಮನೆಯಲ್ಲಿ, ಸತ್ತದ್ದೂ ಅಲ್ಲೇ. ಗಂಗಾಮಣಿ ಹೆಣ ನೋಡಲು ಹೋಗಿ, ನೆಂಟರ ನಡುವೆ ಕುಳಿತು ಅತ್ತು ಎದ್ದು ಬಂದಿದ್ದಳು. ಆಡಿದ ಮಾತು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಗೆ ವಾಪಸು ತೆಗೆದುಕೊಳ್ಳಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ಹೊರೆ ಕೆಳಗಿಳಿಸಿದರೆ ಎಣಿಕೆ ತಪ್ಪುತ್ತದೆ. ತಿರುಗಿ ಹೋಗಲು ಮನಸ್ಸಿಲ್ಲ. ಹಾಗೇ ನಿಂತಳು. ಶೀಲಾ ಹೊರೆ ನೋಡಿದಳು, ಹಿಂದೆ ಇದ್ದ ನಯನಾಳನ್ನು ನೋಡಿದಳು, ಕೋಡಿಯ ಕಡೆ ಕಣ್ಣು ಹಾಯಿಸಿದಳು. ಆಮೇಲೆ ಬಗ್ಗಿ, ಕೆಳಗಿನ ತಂತಿಯನ್ನು ಕಾಲಲ್ಲಿ ಮೆಟ್ಟಿ, ಮೇಲಿನ ತಂತಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು.

"ಎಷ್ಟಾಯ್ತು?" ಎಂದು ಕೇಳಿದಳು.

"ತೊಂಬತ್ತೆರಡು," ಎಂದಳು ಗಂಗಾಮಣಿ.

ನಯನಾ ಹೊರೆಯನ್ನು ಹಿಡಿದುಕೊಂಡಳು, ಗಂಗಾಮಣಿ ಬಗ್ಗಿ ದಾಟಿದಳು. ಹೊರೆ ಮತ್ತೆ ತಲೆಗೇರಿತು. ಅವಳ ಪಕ್ಕದಲ್ಲೇ ನಡೆಯುತ್ತ ಈ ಸಲ ಶೀಲಾ ಎಣಿಸಿದಳು. "ತೊಂಬತ್ಮೂರು. ತೊಂಬತ್ನಾಕು." ನೂರ ಹತ್ತಕ್ಕೆ ಅವರು ನಿಂತದ್ದು ತೋಟದ ಎತ್ತರದ ದಿಣ್ಣೆಯ ಮೇಲೆ, ಎರಡು ಸಿಲ್ವರ್ ಮರಗಳ ನಡುವೆ.

"ಇಲ್ಲಿ ಕಾಫಿ ಗಿಡ ಹಾಕಿದ್ದು ಮೂರು ಸಲ," ಎಂದಳು ಶೀಲಾ. "ಮೂರು ಸಲವೂ ಒಣಗಿ ಹೋಯ್ತು. ಬೇರು ಕೆಳಗಿಳಿಯೋದೇ ಇಲ್ಲ."

"ನಿಂಗೂ ಈ ಹಾಡು ಗೊತ್ತಾ?"

"ಅತ್ತೆ ಕೊನೇಲಿ ಹೇಳ್ತಿದ್ರು. ನೀವು ಹಾಡಿದ ತುಂಡು ಕೋಡಿ ಹತ್ರದಿಂದ ಕೇಳಿಸ್ತು. ನಂಗೆ ಗೊತ್ತಿರೋದು ಅದರ ಮುಂದಿನದು."

ಮಧ್ಯಾಹ್ನದ ಹೊತ್ತಿಗೆ ರವಿ ಹಾರೆ, ಗುದ್ದಲಿ ತಂದ. ಅವನ ಅಣ್ಣ, ಗಂಗಾಮಣಿಯ ಗಂಡ ಕೃಷ್ಣಪ್ಪ ಎಸ್ಟೇಟಿನಲ್ಲಿ ರೈಟರ್, ಸಂಜೆಯವರೆಗೆ ಬರುವಂತಿರಲಿಲ್ಲ. ರವಿ ಒಬ್ಬನೇ ಅಗೆದ. ಮೊದಲು ನಗುತ್ತಿದ್ದ. "ನೋಡ್ರತ್ತಿಗೆ, ಚಿನ್ನ ಸಿಕ್ರೆ ಸರ್ಕಾರಕ್ಕೆ ಹೇಳ್ಬೇಕಂತೆ, ಸುಮ್ನೆ ನಮ್ಮ ಬೆವರು ಕಳೀತೀರಿ," ಎಂದ. ಎರಡಡಿ ಆಳಕ್ಕೆ ಹಾರೆ ಠಣ್ಣೆಂದಾಗ ಅವನ ನಗು ನಿಂತಿತು. ಕೆಂಪು ಮಣ್ಣನ್ನು ಕೈಯಿಂದ ಸರಿಸಿದರು. ಮೊರದಷ್ಟು ಅಗಲದ ಚಪ್ಪಟೆ ಕಲ್ಲು, ಸುತ್ತ ಗಟ್ಟಿ ಜೇಡಿಮಣ್ಣು ಮೆತ್ತಿತ್ತು. ನಾಲ್ವರೂ ಸೇರಿ ಹಾರೆಯಿಂದ ಮೀಟಿದರು. ಕಲ್ಲು ಪಕ್ಕಕ್ಕೆ ಜರುಗಿತು. ಒಳಗಿಂದ ಹುಳಿ ಹುಳಿ, ಹಳೆಯ ವಾಸನೆಯೊಂದು ಮೇಲೆ ಬಂತು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಅದರ ಗೋಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳಿದ್ದವು. ಕೆಳಗೆ ಕತ್ತಲೆ.

"ಮೂಕವ್ವ ಬಾಯಿ ಬಿಟ್ಲು ಅನ್ನಿ," ಎಂದು ರವಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳತೊಡಗಿದ. ಅವನ ಕಣ್ಣು ಹೊಳೆಯುತ್ತಿತ್ತು.

"ಚಿಕ್ಕಮ್ಮ, ನಿಮ್ಮ ತುಂಡು ಹೇಳಿ, ರೆಕಾರ್ಡ್ ಮಾಡ್ಕೋತೀನಿ," ಎಂದಳು ನಯನಾ. ಶೀಲಾ ನಾಚುತ್ತ, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹಾಡಿದಳು.

ಮೂಕವ್ವನ ಒಡಲಾಗೆ ಮುನ್ನೂರು ಮಕ್ಕಳು
ಹಸಿದೂರಿಗೆಲ್ಲ ಅನ್ನವ್ವ, ಅವಳ ಬಾಯ
ತೆರೆದೋರು ತಾಳಿ ಒಂದ್ಗಳಿಗೆ

ಸೊಡರಣ್ಣ ಮೊದಲಾಗಿ ಹೋಗಿ ಬರಲವ್ವ
ಸೊಡರು ನಗುತಾ ಬಂದಾರೆ, ಆಮ್ಯಾಕೆ
ಹಡೆದ ಮಗನ ಇಳಿಸವ್ವ

ರವಿಯ ಒಂದು ಕಾಲು ಆಗಲೇ ಮೊದಲ ಗುಳಿಯಲ್ಲಿತ್ತು. ಗಂಗಾಮಣಿ ಅವನತ್ತ ನುಗ್ಗಿದಳು. ಅವಳ ತವರು ಅರಸೀಕೆರೆ ಕಡೆಯ ಬಯಲು. ಅಲ್ಲಿ ನೆಲದೊಳಗೆ ರಾಗಿ ತುಂಬಿಡುವ ಹಗೇವುಗಳಿದ್ದವು. ಅವಳು ಏಳೆಂಟು ವರ್ಷದವಳಿದ್ದಾಗ ಬಹಳ ದಿನ ಮುಚ್ಚಿದ್ದ ಹಗೇವನ್ನು ತೆರೆದು ಕೂಡಲೇ ಒಬ್ಬ ಇಳಿದಿದ್ದ. ಅವನು ಮೇಲೆ ಬರಲಿಲ್ಲವೆಂದು ಅವನ ತಮ್ಮ ಇಳಿದ. ಇಬ್ಬರನ್ನೂ ಕೊಕ್ಕೆ ಹಾಕಿ ಎಳೆದು ಚಾಪೆಯ ಮೇಲೆ ಮಲಗಿಸಿದ್ದನ್ನು ಅವಳು ಅವ್ವನ ಸೊಂಟ ಹಿಡಿದು ನಿಂತು ನೋಡಿದ್ದಳು.

"ರವೀ, ಇಳೀಬ್ಯಾಡ!" ಎಂದು ಕಿರುಚಿ ಅವನ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಮಣ್ಣಿನ ಗುಡ್ಡೆಯ ಮೇಲೆ ಬಿದ್ದರು.

"ಏನತ್ತಿಗೆ, ಹಾವಾ?"

"ಸೊಡರು ಅಂದ್ರೆ ದೀಪ ಕಣಪ್ಪ. ದೀಪ ಇಳಿಸಿ ನೋಡದೆ ಇಳೀಬ್ಯಾಡ ಅಂತವ್ಳೆ ಹಾಡಿನೋಳು. ಒಳಗಿನ ಗಾಳಿ ಕೆಟ್ಟಿರ್ತದೆ. ಕಣ್ಣಿಗೆ ಕಾಣಲ್ಲ."

ಶೀಲಾ ಓಡಿ ಹೋಗಿ ಮನೆಯಿಂದ ಮೇಣದಬತ್ತಿ, ಬಕೆಟ್ಟು ತಂದಳು. ಬಕೆಟ್ಟಿನೊಳಗೆ ಬತ್ತಿ ನಿಲ್ಲಿಸಿ, ಹಚ್ಚಿ, ಹಗ್ಗದಲ್ಲಿ ಮೆಲ್ಲಗೆ ಇಳಿಬಿಟ್ಟರು. ಒಂದಾಳುದ್ದ ಹೋಗುವಷ್ಟರಲ್ಲಿ ಉರಿ ಕುಗ್ಗಿತು, ನೀಲಿಯಾಯಿತು, ಆರಿತು. ಮೇಲೆಳೆದು ಮತ್ತೆ ಹಚ್ಚಿ ಇಳಿಸಿದರು. ಅದೇ ಜಾಗಕ್ಕೆ ಮತ್ತೆ ಆರಿತು.

ರವಿ ಸೊಂಟದ ಹಗ್ಗ ಬಿಚ್ಚಲು ಹೋದ. ಗಂಟು ಬಿಗಿದು ಬಿಚ್ಚಲು ಬರಲಿಲ್ಲ. ಶೀಲಾ ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತು ಗಂಟು ಬಿಚ್ಚಿದಳು. ಬಿಚ್ಚಿದ ಮೇಲೂ ಹಗ್ಗವನ್ನು ಕೈಯಿಂದ ಬಿಡಲಿಲ್ಲ.

ಎರಡು ದಿನ ಬಾಯಿ ತೆರೆದೇ ಬಿಟ್ಟರು. ದನಕರು ಬೀಳದಂತೆ ಸುತ್ತ ಗಳ ಕಟ್ಟಿದರು. ಎಲೆ ತುಂಬಿದ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಏರಿಸಿ, ಗಾಳಿಯಾಡಿಸಿದರು. ಅಷ್ಟರಲ್ಲಿ ಊರಿಗೆ ಸುದ್ದಿ ಹಬ್ಬಿತ್ತು. ಬಾಳ್ಳುಪೇಟೆಯಿಂದಲೂ ಬೈಕುಗಳು ಬಂದವು. ಕೊಪ್ಪರಿಗೆ ಸಿಕ್ಕಿದೆಯಂತೆ, ಬಲಿ ಕೇಳಿದೆಯಂತೆ ಎಂದೆಲ್ಲ ಮಾತಾಡಿಕೊಂಡರು. ಕೃಷ್ಣಪ್ಪ ಯಾರನ್ನೂ ತಡೆಯಲಿಲ್ಲ. "ನೋಡ್ಕೊಂಡು ಹೋಗ್ರಪ್ಪ, ಮುಚ್ಚಿಟ್ರೆ ರಾತ್ರಿ ಬಂದು ಅಗೀತೀರಿ," ಎಂದ.

ಮೂರನೆಯ ಬೆಳಿಗ್ಗೆ ಬತ್ತಿ ತಳದವರೆಗೂ ಹೋಗಿ ಉರಿಯುತ್ತಲೇ ಮೇಲೆ ಬಂತು. ರವಿ ಇಳಿದ. ಹಗ್ಗವನ್ನು ಕೃಷ್ಣಪ್ಪನ ಜೊತೆ ಶೀಲಾ, ಗಂಗಾಮಣಿ ಇಬ್ಬರೂ ಹಿಡಿದಿದ್ದರು.

ತಳದಲ್ಲಿದ್ದದ್ದು ಹೊಟ್ಟು. ಮೊಣಕಾಲಿನವರೆಗೆ ಕಪ್ಪು ಹೊಟ್ಟು, ಕೊಳೆತ ಹುಲ್ಲು. ಮೂಲೆಯಲ್ಲಿ ಬೊಗಸೆಯಷ್ಟು ರಾಗಿ, ಸುಟ್ಟ ಸಾಸಿವೆಯಂತೆ ಕರ್ರಗಾಗಿತ್ತು. ಚಿನ್ನವಿರಲಿಲ್ಲ, ಕೊಪ್ಪರಿಗೆಯಿರಲಿಲ್ಲ. ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ಅಲ್ಲಿಂದಲೇ ಹೊರಟರು. ಯಾರೋ ಮೊದಲೇ ಹೊಡೆದುಕೊಂಡು ಹೋಗಿದ್ದಾರೆ ಎಂದೊಬ್ಬ ಅಂದ.

"ಗೋಡೆ ನೋಡ್ಬೇಕು ನೀವು," ಎಂದು ರವಿ ಒಳಗಿಂದ ಕೂಗಿದ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮೇಲೆ ಬಂದ. ಸಗಣಿ, ಮಣ್ಣು ಕಲಸಿ ಮೆತ್ತಿದ ಗೋಡೆ. ಅದರ ತುಂಬ ಅಂಗೈ ಗುರುತು. ಗಂಡಸರ ಕೈಯಲ್ಲ, ಚಿಕ್ಕವು. ಕೆಲವು ಗುರುತುಗಳ ಬುಡದಲ್ಲಿ ಗೆರೆ ಗೆರೆ ಮೂಡಿತ್ತು. ಹಸಿಮಣ್ಣಿಗೆ ಬಳೆ ಒತ್ತಿದ ಗೆರೆ. ಶೀಲಾ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತ ನಿಂತುಬಿಟ್ಟಳು.

ಗಂಗಾಮಣಿಗೆ ಆ ರಾತ್ರಿಯಿಡೀ ಆ ಕೈಗಳದೇ ಯೋಚನೆ. ಎಂಥ ಕಾಲವೋ, ಯಾರಿಗೆ ಹೆದರಿದ್ದರೋ. ಊರು ಹಸಿದಾಗ ಬೇಕಾಗುತ್ತದೆಂದು ಇಷ್ಟು ರಾಗಿಯನ್ನು ಮಣ್ಣೊಳಗೆ ಇಟ್ಟಿದ್ದರು. ಬರೆದಿಡಲು ಅಕ್ಷರ ಬರುತ್ತಿರಲಿಲ್ಲ. ಬರುತ್ತಿದ್ದರೂ ಓದಬಾರದವರು ಓದಿಯಾರು. ಹಾಡು ಕಟ್ಟಿ ಸೊಸೆಯಿಂದ ಸೊಸೆಗೆ ದಾಟಿಸಿದರು. ಹೊಟ್ಟು ಉಳಿದಿದೆ ಎಂದ ಮೇಲೆ ಯಾವುದೋ ವರ್ಷ ಯಾರೋ ತೆರೆದು ಉಂಡಿದ್ದಾರೆ, ಮಕ್ಕಳಿಗೆ ಉಣಿಸಿದ್ದಾರೆ. ಉಂಡವರು ಮತ್ತೆ ಬಾಯಿ ಮುಚ್ಚಿ ಮೆತ್ತಿದ್ದಾರೆ. ಹಾಡನ್ನೂ ಬಿಡಲಿಲ್ಲ. ಇಳಿಯುವವರ ಜೀವ ಕಾಯುವ ಸಾಲು ಅದರಲ್ಲಿತ್ತಲ್ಲ. ಅರ್ಧ ಹಾಡು ಆ ಮನೆಯಲ್ಲಿ, ಅರ್ಧ ಈ ಮನೆಯಲ್ಲಿ ಉಳಿದಿದ್ದರೆ ರವಿಯ ಗತಿ? ಮುಂದಕ್ಕೆ ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

ವಾರದ ಮೇಲೆ ನಯನಾ ಹಾಸನಕ್ಕೆ ಹೊರಟಳು. ಅವಳ ಮೇಷ್ಟ್ರು ತಾವೇ ಬಂದು ನೋಡುವುದಾಗಿ ಫೋನ್ ಮಾಡಿದ್ದರು. ಅವರು ಬಂದು, ಅಳತೆ ಮಾಡಿ, ಬರೆದುಕೊಂಡು ಹೋದ ಮೇಲೆ ಮೊದಲ ಮಳೆಗೆ ಮುಂಚೆ ಕಲ್ಲು ಮುಚ್ಚಿಬಿಡೋಣ ಎಂದು ರವಿ ಹೇಳಿದ. ಮುಚ್ಚುವ ದಿನ ಗಂಡಸರು ಕಲ್ಲು ಸರಿಸಿದರು. ಜೇಡಿಮಣ್ಣು ಕಲಸಿ ಅಂಚಿಗೆ ಮೆತ್ತಲು ಹೆಂಗಸರಿಬ್ಬರೂ ಕುಳಿತರು. ಅಣ್ಣ ತಮ್ಮ ಕೈಕಾಲು ತೊಳೆಯಲು ಹೊಳೆಯ ಕಡೆ ಹೋದಾಗ ಗಂಗಾಮಣಿ ತಲೆಯೆತ್ತದೆ ಹೇಳಿದಳು.

"ಅವತ್ತು ನಾನಾಡಿದ ಮಾತು ಆಡಬಾರದಿತ್ತು ಶೀಲಾ. ಆಡಿದ ಕೂಡ್ಲೇ ಗೊತ್ತಾಯ್ತು. ಒಂಬತ್ತು ವರ್ಷ ಬಾಯಿ ಬರಲಿಲ್ಲ. ತಪ್ಪಾಯ್ತು ಕಣೆ."

ಶೀಲಾ ಮಣ್ಣು ಮೆತ್ತುವುದನ್ನು ನಿಲ್ಲಿಸಲಿಲ್ಲ. ಒಂದು ಸುತ್ತು ಮುಗಿಸಿ, ಕೈಯನ್ನು ನೀರಿಗೆ ಅದ್ದಿ, ಮತ್ತೆ ಸವರಿದಳು.

"ನಾನು ಅದನ್ನ ಮರೆಯಲ್ಲ ಅಕ್ಕ," ಎಂದಳು. "ಮರೆತೆ ಅಂತ ಸುಳ್ಳು ಹೇಳಲ್ಲ. ಅತ್ತೆ ಹತ್ರ ಅತ್ಕೊಂಡಿದೀನಿ. ಅವರು ಮುನ್ನೂರು ಮಕ್ಕಳು ಅನ್ನೋ ಸಾಲು ಹೇಳಿ, ನನ್ನ ಕೈಲಿ ಹೇಳಿಸಿದ್ರು. ದಿನಾ ಹೇಳಿಸ್ತಿದ್ರು."

ಅತ್ತೆ ತನಗೆ ಕಲಿಸದೆ ಉಳಿಸಿದ್ದು ಯಾಕೆ ಎಂದು ಗಂಗಾಮಣಿ ಒಳಗೊಳಗೇ ನೊಂದಿದ್ದಳು. ಈಗ ಕೇಳುವುದು ಏನೂ ಉಳಿದಿರಲಿಲ್ಲ.

"ಏಳಿ," ಎಂದು ಶೀಲಾ ಎದ್ದು ಕೈ ಕೊಟ್ಟಳು. ಗಂಗಾಮಣಿಗೆ ಮಂಡಿ ನೋವೆಂದು ಅವಳಿಗೆ ಯಾರು ಹೇಳಿದ್ದರೋ. "ಅಕ್ಕಿ ರೊಟ್ಟಿಗೆ ಹಿಟ್ಟು ಕಲಸಿಟ್ಟು ಬಂದಿದೀನಿ. ಅವರಿಬ್ರೂ ಬರೋಷ್ಟರಲ್ಲಿ ತಟ್ಟಬೇಕು. ನೀವು ಒಲೆ ಹತ್ರ ಕೂತ್ಕಳಿ, ನಾನು ತಟ್ಟಿ ಕೊಡ್ತೀನಿ."

ಇಬ್ಬರೂ ತೋಟದ ಇಳಿಜಾರಿನಲ್ಲಿ ಇಳಿದರು. ಶೀಲಾಳ ಅಡುಗೆಮನೆ ಗಂಗಾಮಣಿ ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಉಪ್ಪಿನ ಭರಣಿ ಎಲ್ಲಿದೆ ಎಂದು ಅವಳು ಕೇಳಿದಳು. ಶೀಲಾ ಹಿಟ್ಟಿನ ಕೈಯಿಂದಲೇ ಗೂಡಿನ ಕಡೆ ತೋರಿಸಿದಳು.